ಶನಿವಾರದ ಬೆಟ್ಟ, ಸೋಮವಾರದ ಕ್ಲಾಸು

ಕೇಳುಗರೇ, ನಮಸ್ಕಾರ.

ಸ್ವಾಹಿಲಿ ಭಾಷೆಯಲ್ಲಿ ಶನಿವಾರಕ್ಕೆ ಜುಮಾಮೋಸಿ ಅನ್ನುತ್ತಾರೆ. ಮೋಸಿ ಅಂದರೆ ಒಂದು. ಭಾನುವಾರ ಜುಮಾಪಿಲಿ, ಎರಡನೆಯದು. ಸೋಮವಾರ ಜುಮಾತಾತು, ಮೂರನೆಯದು. ಅಂದರೆ ಅವರಿಗೆ ವಾರ ಶುರುವಾಗುವುದೇ ಶನಿವಾರ. ಹೊರದೇಶಕ್ಕೆ ಪಾಠ ಹೇಳೋಕೆ ಅಂತ ಹೋಗಿ, ವಾರದ ಕೊನೆಗೆ ಬೆಟ್ಟ ಹತ್ತೋಣ ಎಂದು ಕಾಯುತ್ತಿದ್ದ ನಮ್ಮಂಥವರಿಗೆ ಹೇಳಿ ಮಾಡಿಸಿದ ಭಾಷೆ, ಅಲ್ವಾ?

2018ರಲ್ಲಿ ಮೂರು ತಿಂಗಳು ನಾನು ತಾಂಜಾನಿಯಾದಲ್ಲಿದ್ದೆ. ಕಿಲಿಮಂಜಾರೋ ಬೆಟ್ಟದ ದಕ್ಷಿಣಕ್ಕೆ ಮೋಶಿ ಅಂತ ಒಂದು ಪಟ್ಟಣ. ಅಲ್ಲಿಂದ ಸ್ವಲ್ಪ ಮೇಲೆ, ಬೆಟ್ಟದ ಇಳಿಜಾರಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಸಂಬಳ ಇಲ್ಲ. ಬದಲಿಗೆ ನಾನೇ ಒಂದು ಸಂಸ್ಥೆಗೆ ಶುಲ್ಕ ಕಟ್ಟಿದ್ದೆ. ಸುಮ್ನೆ ಪ್ರವಾಸಿ ವೀಸಾ ಇಟ್ಟುಕೊಂಡು ಅಲ್ಲಿ ಕ್ಲಾಸಿಗೆ ಕಾಲಿಡುವ ಹಾಗಿಲ್ಲ. ಸ್ವಯಂಸೇವಕರಿಗೂ ಪರವಾನಗಿ ಬೇಕು. ಅದು ಸರಿಯಾದ ನಿಯಮವೇ ಅಂತ ನನಗೆ ಈಗ ಅನ್ನಿಸುತ್ತದೆ. ಆದರೆ ನಾನು ಕಟ್ಟಿದ ಶುಲ್ಕದಲ್ಲಿ ಶಾಲೆಗೆ ಏನು ಬಂತು ಎಂದು ಒಂದು ದಿನ ಹೆಡ್‌ಮಾಸ್ಟರನ್ನು ಕೇಳಿದೆ. ಅವರು ನಕ್ಕರು. ಕಪಾಟು ತೆಗೆದು ಒಂದು ಡಬ್ಬ ಸೀಮೆಸುಣ್ಣ ತೋರಿಸಿದರು.

ಮೊದಲ ದಿನ ಕ್ಲಾಸಿಗೆ ಹೋದೆ. ಎಪ್ಪತ್ತು ಮಕ್ಕಳು ದಡಬಡ ಎದ್ದು ನಿಂತು "ಶಿಕಾಮೋ, ಮ್ವಾಲಿಮು" ಎಂದು ಕೂಗಿದರು. ಮ್ವಾಲಿಮು ಅಂದರೆ ಮೇಷ್ಟ್ರು. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೆರೆ ಕೂಡ ಹಿಂದೆ ಶಾಲಾ ಮೇಷ್ಟ್ರೇ. ಜನ ಅವರನ್ನು ಇವತ್ತಿಗೂ ಮ್ವಾಲಿಮು ಅಂತಲೇ ಕರೆಯುತ್ತಾರೆ. ಶಿಕಾಮೋ ಅಂದರೆ ನಿಮ್ಮ ಕಾಲು ಹಿಡಿಯುತ್ತೇನೆ ಎಂದು. ಅದಕ್ಕೆ "ಮರಹಬಾ" ಅನ್ನಬೇಕು. ನನಗೆ ಗೊತ್ತಿರಲಿಲ್ಲ. ನಾನೂ "ಶಿಕಾಮೋ" ಅಂದೆ. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ಹನ್ನೊಂದು ವರ್ಷದ ಮಕ್ಕಳ ಕಾಲು ಹಿಡಿದಿದ್ದರು.

ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಪಾಠ ಎಲ್ಲಾ ಸ್ವಾಹಿಲಿಯಲ್ಲಿ. ಅದನ್ನು ಮುಗಿಸಿ ಪ್ರೌಢಶಾಲೆಗೆ ಹೋದ ಕೂಡಲೇ ಎಲ್ಲವೂ ಇಂಗ್ಲಿಷಿಗೆ ತಿರುಗುತ್ತದೆ. ಆ ದಾಟು ಎಷ್ಟು ಕಷ್ಟ ಅಂತ ನಮ್ಮಲ್ಲಿ ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ನನಗೆ ಆರನೇ ತರಗತಿಯ ಇಂಗ್ಲಿಷು ಕೊಟ್ಟರು. ಜೊತೆಗೆ ಲೆಕ್ಕದ ಮೇಷ್ಟ್ರಿಗೆ ಸಹಾಯ. ಲೆಕ್ಕಕ್ಕೆ ಅಲ್ಲಿ ಹೆಸಾಬು ಅನ್ನುತ್ತಾರೆ. ನನಗೆ ಒಂಥರಾ ಧೈರ್ಯ ಬಂತು. ನಮ್ಮ ಹಿಸಾಬೇ ತಾನೆ! ಆಮೇಲೆ ನೋಡುತ್ತಾ ಹೋದರೆ ಮೇಜಿಗೆ ಮೇಜಾ, ಸಾಬೂನಿಗೆ ಸಬುನಿ, ರಂಗಿಗೆ ರಂಗಿ, ಸರ್ಕಾರಕ್ಕೆ ಸೆರಿಕಾಲಿ. ಅರಬರು, ಪರ್ಷಿಯನ್ನರು, ಪೋರ್ಚುಗೀಸರು ಎರಡೂ ದಡಕ್ಕೆ ಬಂದು ಹೋದವರು. ಅವರ ಮಾತು ಎರಡು ಕಡೆಯೂ ಉಳಿದುಕೊಂಡಿದೆ.

ಇಂಗ್ಲಿಷ್ ಕ್ಲಾಸಿನಲ್ಲಿ ನಾನು "ಮೈ ನೇಮ್ ಈಸ್" ಎಂದು ಶುರು ಮಾಡಿದೆ. ಮಕ್ಕಳು ನನಗಿಂತ ಮೊದಲೇ ಪಾಠ ಮುಗಿಸಿಬಿಟ್ಟರು. ತಲೆ, ಭುಜ, ಮಂಡಿ ಮುಟ್ಟಿಕೊಳ್ಳುವ ಹಾಡನ್ನೂ ಹಾಡಿ ತೋರಿಸಿದರು. ಹಿಂದೆ ಬಂದಿದ್ದವರು ಅದನ್ನೇ ಕಲಿಸಿದ್ದರು. ಅವರಿಗಿಂತ ಹಿಂದಿನವರೂ ಅದನ್ನೇ. ಬರುವವರೆಲ್ಲಾ ಮೊದಲ ಪಾಠದಿಂದ ಶುರು ಮಾಡುತ್ತಾರೆ. ಎರಡನೇ ಪಾಠಕ್ಕೆ ಬರುವಷ್ಟರಲ್ಲಿ ವಿಮಾನ ಹತ್ತಿರುತ್ತಾರೆ. ಈ ಮಕ್ಕಳು ಎಷ್ಟು ಜನ ಅಪರಿಚಿತರಿಗೆ ತಮ್ಮ ಹೆಸರು ಹೇಳಿದ್ದಾರೋ ಏನೋ. ಅವತ್ತು ಸಂಜೆ ಅಂಗಡಿಯಿಂದ ಒಂದು ನೋಟ್‌ಬುಕ್ ತಂದೆ. ಯಾವ ಕ್ಲಾಸಿಗೆ ಏನು ಆಗಿದೆ, ಏನು ಆಗಿಲ್ಲ ಎಂದು ಬರೆದಿಡಲು. ಮುಂದೆ ಬರುವವರಿಗೆ ಬಿಟ್ಟು ಬರೋಣ ಅಂತ.

ಲೆಕ್ಕದ ಕ್ಲಾಸಿನಲ್ಲಿ ಬೇರೆ ಕಥೆ. ಭಿನ್ನರಾಶಿ ಕಲಿಸಬೇಕಿತ್ತು. ಗೋಡೆಯ ಮೇಲೆ ಹಿಂದಿನ ಸ್ವಯಂಸೇವಕರು ಯಾರೋ ಬಿಟ್ಟುಹೋದ ಚಾರ್ಟು. ಬಣ್ಣಬಣ್ಣದ ಪಿಜ್ಜಾ, ಎಂಟು ತುಂಡು. ನಾನೂ ಅದನ್ನೇ ಕೋಲಿನಲ್ಲಿ ತೋರಿಸಿ ತೋರಿಸಿ ಪಾಠ ಮಾಡಿದೆ. ಮಕ್ಕಳು ಮರ್ಯಾದೆಗೆ ತಲೆಯಾಡಿಸಿದರು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, ಅದು ಯಾವ ಗಾಡಿಯ ಚಕ್ರ ಎಂದು ಕೇಳಿದ.

ಇನ್ನು ಶನಿವಾರಗಳ ವಿಷಯ.

ಮೋಶಿಯಲ್ಲಿದ್ದು ಸುಮ್ಮನೆ ಕೂರುವುದು ಕಷ್ಟ. ದಾಲಾದಾಲಾ ಅಂತ ಪುಟ್ಟ ವ್ಯಾನುಗಳಿವೆ. ಹದಿನಾಲ್ಕು ಜನರ ಜಾಗದಲ್ಲಿ ಇಪ್ಪತ್ತು ಜನ, ಮೇಲೆ ಒಂದು ಕೋಳಿ ಬುಟ್ಟಿ. ಅದರಲ್ಲಿ ತೂರಿಕೊಂಡರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಮಾತೆರೂನಿ ಜಲಪಾತಕ್ಕೆ ಹೋದೆ. ಬಯಲಿನ ಮಧ್ಯೆ ಅಂಜೂರದ ಜಾತಿಯ ದೊಡ್ಡ ಮರಗಳ ಕೆಳಗೆ ಚೆಮ್ಕಾ ಅಂತ ಒಂದು ಬುಗ್ಗೆ ಇದೆ. ನೀರು ಎಷ್ಟು ತಿಳಿ ಅಂದರೆ ತಳದ ಬೇರುಗಳು ಕಾಣುತ್ತವೆ. ಅಲ್ಲಿ ಹಗ್ಗ ಹಿಡಿದು ಜೀಕಿ ನೀರಿಗೆ ಬಿದ್ದೆ. ಕೆನ್ಯಾ ಗಡಿಯಲ್ಲಿ ಚಾಲಾ ಸರೋವರ. ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು. ನೋಡಿದರೆ ಹಾರಬೇಕು ಅನ್ನಿಸುತ್ತದೆ. ದಯವಿಟ್ಟು ಹಾರಬೇಡಿ. ಅಲ್ಲಿ ಮೊಸಳೆಗೆ ಜೀವ ಹೋದದ್ದಿದೆ.

ಇನ್ನೊಂದು ಶನಿವಾರ ಕಿಲಿಮಂಜಾರೋ. ಪೂರ್ತಿ ಹತ್ತಲು ಕನಿಷ್ಠ ಐದಾರು ದಿನ ಬೇಕು. ತುದಿ 5,895 ಮೀಟರ್. ಒಂದೇ ದಿನದಲ್ಲಿ ಮರಾಂಗು ಗೇಟಿನಿಂದ ಮಂದಾರಾ ಗುಡಿಸಲುಗಳವರೆಗೆ ಹೋಗಿ ಬರಬಹುದು. ಅದು ಸುಮಾರು 2,700 ಮೀಟರ್ ಎತ್ತರದಲ್ಲಿದೆ. ಗೈಡ್ ಇಲ್ಲದೆ ಬಿಡುವುದಿಲ್ಲ. ನಮ್ಮ ಗೈಡ್ ಹೆಜ್ಜೆಹೆಜ್ಜೆಗೂ "ಪೋಲೆ ಪೋಲೆ" ಅನ್ನುತ್ತಿದ್ದರು. ಮೆಲ್ಲಗೆ, ಮೆಲ್ಲಗೆ. 1889ರಲ್ಲಿ ಜರ್ಮನಿಯ ಹಾನ್ಸ್ ಮೇಯರ್ ಮತ್ತು ಆಸ್ಟ್ರಿಯಾದ ಲುಡ್ವಿಗ್ ಪುರ್ಚೆಲರ್ ತುದಿ ಮುಟ್ಟಿದ್ದು ಪುಸ್ತಕದಲ್ಲಿದೆ. ಅವರಿಗೆ ದಾರಿ ತೋರಿಸಿದವರು ಮರಾಂಗುವಿನ ಯೊಹಾನಿ ಲಾವೋ ಎಂದು ಅಲ್ಲಿಯವರು ಹೇಳುತ್ತಾರೆ. ಅವರ ಹೆಸರನ್ನು ಗೈಡ್ ನನ್ನಿಂದ ಎರಡು ಸಲ ಹೇಳಿಸಿದರು, ಮರೆಯಬಾರದು ಅಂತ. ಪಾಚಿ ಇಳಿಬಿದ್ದ ಕಾಡು. ತಲೆಯ ಮೇಲೆ ಕಪ್ಪು ಬಿಳುಪು ಕೊಲೊಬಸ್ ಕೋತಿಗಳು, ಕೊಂಬೆಯಿಂದ ಕೊಂಬೆಗೆ ಬಿಳಿ ಬಾಲ ಹಾರಿಸಿಕೊಂಡು.

ಸೋಮವಾರ ಕ್ಲಾಸಿನಲ್ಲಿ ಹೇಳಿದೆ. ಕ್ಲಾಸ್ ಮಾನಿಟರ್ ಹುಡುಗಿ ಕೇಳಿದಳು, "ಹಿಮ ಮುಟ್ಟಿದಿರಾ?" ಇಲ್ಲ, ಅಷ್ಟು ಮೇಲೆ ಹೋಗಲಿಲ್ಲ ಅಂದೆ. "ಗೇಟಿನ ಒಳಗೆ ಹೇಗಿದೆ?" ಅಂದಳು. ಆ ಬೆಟ್ಟ ಅವಳ ಮನೆಯ ಹಿತ್ತಲಿನಿಂದ ಕಾಣುತ್ತದೆ. ಕ್ಲಾಸಿನಲ್ಲಿ ಒಬ್ಬರೂ ಆ ಗೇಟು ದಾಟಿರಲಿಲ್ಲ. ಮೊಬೈಲಿನಲ್ಲಿದ್ದ ಕೋತಿ ಚಿತ್ರಗಳನ್ನು ಬೆಂಚಿನಿಂದ ಬೆಂಚಿಗೆ ಕೊಟ್ಟು ಕಳಿಸಿದೆ. ಆ ಹೊತ್ತು ನನಗೆ ಅಷ್ಟೇನೂ ಹೆಮ್ಮೆ ಅನ್ನಿಸಲಿಲ್ಲ.

ಈಗ ನಾನು ಮಾಡಿದ ಎಡವಟ್ಟು. ಉಸಂಬಾರಾ ಬೆಟ್ಟಗಳಲ್ಲಿ ಲುಶೋಟೋ ಅಂತ ಊರು. ನಾವು ಕುಂಡದಲ್ಲಿ ಬೆಳೆಸುವ ಆಫ್ರಿಕನ್ ವಯೊಲೆಟ್ ಹೂವಿನ ತವರು ಆ ಬೆಟ್ಟಗಳೇ. ಶನಿವಾರ ಹೋದೆ. ಭಾನುವಾರ ವಾಪಸ್ ಬಸ್ಸು ಎಷ್ಟಕ್ಕೆ ಎಂದು ಕೇಳಿದೆ. "ಸಾ ಕುಮಿ ನಾ ಮ್ಬಿಲಿ" ಅಂದರು. ಹನ್ನೆರಡು ಗಂಟೆ. ಬೆಳಗ್ಗೆ ಆರಾಮಾಗಿ ಎದ್ದು, ಸುತ್ತಾಡಿ, ಹನ್ನೆರಡಕ್ಕೆ ಸರಿಯಾಗಿ ಬಸ್ ನಿಲ್ದಾಣಕ್ಕೆ ಹೋದೆ. ಬಸ್ಸು ಹೋಗಿ ಆರು ಗಂಟೆಯಾಗಿತ್ತು.

ಸ್ವಾಹಿಲಿಯ ಗಡಿಯಾರ ಮಧ್ಯರಾತ್ರಿಯಿಂದ ಶುರುವಾಗುವುದಿಲ್ಲ. ಸೂರ್ಯನಿಂದ ಶುರು. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ನಮ್ಮ ಬೆಳಗಿನ ಆರು ಅವರಿಗೆ ಹನ್ನೆರಡು. ವ್ಯಾನ್ ಹಿಡಿದು ಕೆಳಗಿನ ಹೆದ್ದಾರಿಗೆ ಇಳಿದೆ. ಬಂದ ಬಸ್ಸೆಲ್ಲಾ ಭರ್ತಿ, ಒಂದೂ ನಿಲ್ಲಲಿಲ್ಲ. ಕತ್ತಲಾಯಿತು. ಅಲ್ಲೇ ಒಂದು ಗೆಸ್ಟ್‌ಹೌಸಿನಲ್ಲಿ ಮಲಗಿದೆ. ಸೋಮವಾರ ಶಾಲೆಗೆ ಬರುವಷ್ಟರಲ್ಲಿ ಗಂಟೆ ಹೊಡೆದು ಮಕ್ಕಳೆಲ್ಲಾ ಮನೆಗೆ ಹೋಗಿದ್ದರು. ಕ್ಲಾಸಿಗೆ ಹೋಗಿ ನೋಡಿದೆ. ಶುಕ್ರವಾರ ನಾನು ಅರ್ಧಕ್ಕೆ ಬಿಟ್ಟಿದ್ದ ಲೆಕ್ಕ ಹಲಗೆಯ ಮೇಲೆ ಹಾಗೇ ಇತ್ತು. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೆಳಗೆ ಮಾನಿಟರ್ ಬರೆದಿದ್ದಳು: ಉಸಿಫುತೆ. ಅಳಿಸಬೇಡಿ.

ಮುಂದಿನ ಶನಿವಾರ ನಾನು ಎಲ್ಲಿಗೂ ಹೋಗಲಿಲ್ಲ. ಲೆಕ್ಕದ ಮೇಷ್ಟ್ರು, ವಯಸ್ಸಾದವರು, "ಬನ್ನಿ, ನಮ್ಮ ತೋಟ ನೋಡಿ" ಅಂತ ಕರೆದರು. ಅವರು ಚಾಗಾ ಜನ. ಮನೆಯ ಸುತ್ತ ಬಾಳೆ, ಬಾಳೆಯ ನೆರಳಲ್ಲಿ ಕಾಫಿ. ಮನೆಯವರು ಉಲೇಜಿಯ ಬಿಸಿ ಗಂಜಿ ಕೊಟ್ಟರು. ಒಂದು ಗುಟುಕು ಕುಡಿದು ನಾನು ಲೋಟವನ್ನೇ ನೋಡಿದೆ. ಉಲೇಜಿ ಅಂದರೆ ರಾಗಿ! ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ ಎಂದು ಓದಿದ್ದೆ. ಓದುವುದು ಬೇರೆ, ಗಂಟಲಿಗೆ ಇಳಿಯುವುದು ಬೇರೆ.

ತೋಟದ ಅಂಚಿನಲ್ಲಿ ಒಂದು ಮೊಳ ಅಗಲದ ಕಾಲುವೆ ಹರಿಯುತ್ತಿತ್ತು. ಮ್ಫೊಂಗೋ ಅನ್ನುತ್ತಾರೆ. ಮೇಲಿನ ಹೊಳೆಯಿಂದ ನೀರನ್ನು ತಿರುಗಿಸಿ, ಇಳಿಜಾರಿನ ಅಂಚಿನಲ್ಲೇ ಸಾಗಿಸಿ ತೋಟಗಳಿಗೆ ಹಂಚುತ್ತಾರೆ. ಚಾಗಾ ಜನ ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ. ನಾವು ಅದರ ಪಕ್ಕದಲ್ಲೇ ಎರಡು ತಾಸು ಮೇಲಕ್ಕೆ ನಡೆದೆವು. ಒಂದು ಕಡೆ ಪ್ರಪಾತ, ಒಂದು ಕಡೆ ನೀರು, ನಡುವೆ ಒಂದು ಪಾದದಷ್ಟು ದಾರಿ. ಮೇಷ್ಟ್ರು ಚಪ್ಪಲಿಯಲ್ಲಿ ಸರಸರ ಹೋದರು. ನಾನು ದುಬಾರಿ ಬೂಟು ಹಾಕಿಕೊಂಡು ಎರಡು ಸಲ ಕಾಲುವೆಗೆ ಬಿದ್ದೆ. ನನ್ನ ಎಲ್ಲಾ ಶನಿವಾರಗಳಲ್ಲಿ ಎದೆ ಜಾಸ್ತಿ ಹೊಡೆದುಕೊಂಡಿದ್ದು ಅವತ್ತೇ.

ಒಂದು ಕವಲಿನಲ್ಲಿ ಮೇಷ್ಟ್ರು ನಿಂತರು. ಬಾಳೆದಿಂಡು ಮತ್ತು ಮಣ್ಣಿನಿಂದ ಒಂದು ಬಾಯಿ ಮುಚ್ಚಿದ್ದರು. ಇವತ್ತು ನೀರು ಯಾರ ಸರದಿ ಎಂದು ವಿವರಿಸಿದರು. ಈ ಮನೆಗೆ ಒಂದು ಗಂಟೆಯಿಂದ ನಾಲ್ಕರವರೆಗೆ, ಆ ಮನೆಗೆ ನಾಲ್ಕರಿಂದ ಏಳರವರೆಗೆ. ಅವರ ಗಡಿಯಾರದ ಲೆಕ್ಕ. ಸಮಭಾಜಕ ವೃತ್ತ ಅಲ್ಲಿಂದ ಮೂರು ಡಿಗ್ರಿ ಚಿಲ್ಲರೆ ದೂರ. ವರ್ಷವಿಡೀ ಹಗಲು ಹೆಚ್ಚುಕಡಿಮೆ ಹನ್ನೆರಡೇ ಗಂಟೆ. ನನಗೆ ಅಲ್ಲೇ ತಲೆಗೆ ಹೊಳೆಯಿತು. ಮೇಷ್ಟ್ರಿಗೆ ಯಾವಾಗಲೋ ಹೊಳೆದಿತ್ತು ಅಂತ ಕಾಣುತ್ತದೆ. ಸುಮ್ಮನೆ ನಗುತ್ತಿದ್ದರು.

ಸೋಮವಾರ ಪಿಜ್ಜಾ ಚಾರ್ಟು ಇಳಿಸಿದೆ. ಹಲಗೆಯ ಮೇಲೆ ಒಂದು ಮ್ಫೊಂಗೋ ಬರೆದೆ, ನಾಲ್ಕು ಮನೆ, ಒಂದು ಹಗಲು. ಒಂದೊಂದು ಮನೆಗೆ ಎಷ್ಟು? "ರೋಬೋ!" ಎಪ್ಪತ್ತು ಬಾಯಿ. ಕಾಲು ಭಾಗ, ಮೂರು ಗಂಟೆ. ಒಂದು ತೋಟ ದೊಡ್ಡದಾದರೆ? ಆ ಮನೆಯ ಬಾವಿ ಬತ್ತಿದ್ದರೆ? ಮಕ್ಕಳೇ ಲೆಕ್ಕ ಹಾಕಲು ಶುರು ಮಾಡಿದರು, ಜಗಳ ಆಡಲು ಕೂಡ. ಆಗ ಮಾನಿಟರ್ ಎದ್ದು ಒಂದು ಲೆಕ್ಕ ಕೊಟ್ಟಳು. "ಬಸ್ಸು ಹನ್ನೆರಡಕ್ಕೆ ಹೊರಡುತ್ತದೆ. ಮ್ವಾಲಿಮು ಆರಕ್ಕೆ ಬರುತ್ತಾರೆ. ಎಷ್ಟು ಹಗಲು ತಡ?" ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಅವರೇ ಮೊದಲು ಹೇಳಿದ್ದು: "ನುಸು." ಅರ್ಧ.

ಹೊರಡುವ ಹಿಂದಿನ ದಿನ ನೋಟ್‌ಬುಕ್ಕಿನ ಕೊನೆಯ ಪುಟ ಬರೆಯುತ್ತಾ ಕೂತಿದ್ದೆ. ಆರನೇ ತರಗತಿಗೆ ಹೆಸರು ಹೇಳುವ ಪಾಠ ಮತ್ತೆ ಬೇಡ. ಪಿಜ್ಜಾ ಬೇಡ, ಮ್ಫೊಂಗೋ ಬರೆಯಿರಿ. ಲೆಕ್ಕದ ಮೇಷ್ಟ್ರು ತೋಟಕ್ಕೆ ಕರೆದರೆ ಖಂಡಿತ ಹೋಗಿ, ಬೂಟು ಬೇಡ. ಲುಶೋಟೋಗೆ ಹೋದರೆ ಭಾನುವಾರ ವಾಪಸ್ ಬಸ್ಸು ಬೆಳಗ್ಗೆ 6ಕ್ಕೆ.

ಮಾನಿಟರ್ ಹುಡುಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. 6 ಅನ್ನು ಹೊಡೆದು ಹಾಕಿ, ಪಕ್ಕದಲ್ಲಿ ದುಂಡಗೆ 12 ಎಂದು ಬರೆದಳು.

ನಮಸ್ಕಾರ.