ನೆರಳಿಗೊಂದು ದೊಡ್ಡೆಲೆ ಗಿಡ

ಕೇಳುಗರಿಗೆ ನಮಸ್ಕಾರ.

ಎತ್ತರದ ಗೋಡೆಯ ಬುಡ, ದೊಡ್ಡ ಮರದ ಅಡಿ, ಮನೆಯ ಹಿಂಬದಿ. ಬಿಸಿಲು ಬೀಳದ ಇಂಥ ಮೂಲೆ ಎಲ್ಲ ತೋಟದಲ್ಲೂ ಇರುತ್ತೆ, ಅಲ್ವಾ? ಅಲ್ಲಿ ಹೂಗಿಡ ನೆಡುವುದು, ಅದು ಸೊರಗಿದ ಮೇಲೆ ಕಿತ್ತು ಇನ್ನೊಂದು ತರುವುದು, ಇದೇ ಆಗುತ್ತಿರುತ್ತದೆ. ಆ ಜಾಗದಲ್ಲಿ ಹೂವಿನ ಹಟ ಬಿಟ್ಟುಬಿಡಿ. ಎಲೆಯ ಚೆಂದಕ್ಕೇ ಒಂದು ಗಿಡ ಇಡಿ. ನಾನು ಹೇಳುವುದು ಫ್ಯಾಟ್ಸಿಯಾ ಜಪಾನಿಕಾ.

ಜಪಾನಿನ ದಕ್ಷಿಣ ಭಾಗ ಮತ್ತು ಕೊರಿಯಾ ಇದರ ತವರು. ಗೋಡೆಗೆ ಹಬ್ಬುವ ಐವಿ ಬಳ್ಳಿಗೆ ಹತ್ತಿರದ ನೆಂಟ. ಮರಗಳ ಕೆಳಗೇ ಬೆಳೆದು ಬಂದ ಗಿಡವಾದ್ದರಿಂದ ನೆರಳು ಇದಕ್ಕೆ ಹೊಸದಲ್ಲ. ಎಲೆ ಒಂದಡಿ ಅಗಲಕ್ಕೂ ಬರುತ್ತದೆ. ಬೆರಳು ಬಿಡಿಸಿದ ಅಂಗೈ ಹಾಗೆ 7ರಿಂದ 9 ಸೀಳು, ಕಡು ಹಸಿರು, ಮೇಲೊಂದು ಮೆರುಗು. ತುದಿಯಲ್ಲಿ ಚಿಗುರು ಬಂದಾಗ ಸುಮ್ನೆ ಬಗ್ಗಿ ನೋಡಿ. ಮಡಚಿಕೊಂಡ ಎಳೆಯೆಲೆಗೆ ಕಂದು ಬಣ್ಣದ ನವಿರು ರೋಮ ಮೆತ್ತಿಕೊಂಡಿರುತ್ತದೆ. ಎಲೆ ಬಲಿಯುತ್ತ ಹೋದ ಹಾಗೆ ಅದು ಉದುರಿ ಹೊಳಪು ಬರುತ್ತದೆ.

ನೆಡುವಾಗ ಜಾಗ ಧಾರಾಳವಾಗಿ ಬಿಡಿ. ನರ್ಸರಿಯಿಂದ ತಂದಾಗ ಪುಟ್ಟದಾಗಿರುವ ಗಿಡ ಮುಂದೆ ಎರಡು ಮೂರು ಮೀಟರ್ ಎತ್ತರ, ಅಷ್ಟೇ ಅಗಲ ಆಗುತ್ತದೆ. ಮಣ್ಣಿಗೆ ಕೊಳೆತ ಎಲೆಗೊಬ್ಬರ ಸೇರಿಸಿ. ನೀರು ನಿಲ್ಲಬಾರದು, ಬೇರು ಕೊಳೆಯುತ್ತದೆ. ಮರದಡಿ ನೆಟ್ಟರೆ ಮಾತ್ರ ಶುರುವಿನಲ್ಲಿ ನೀರಿನ ಕಡೆ ಗಮನ ಇರಲಿ. ಇರುವ ನೀರನ್ನೆಲ್ಲ ಮರದ ಬೇರೇ ಹೀರಿಬಿಡುತ್ತದೆ.

ಎಲೆಯೆಲ್ಲ ಹಳದಿಗೆ ತಿರುಗಿದರೆ ಎಷ್ಟೋ ಜನ ಗೊಬ್ಬರ ಸುರಿಯುತ್ತಾರೆ. ಮೊದಲು ಬಿಸಿಲು ನೋಡಿ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಹಸಿರು ಮಾಸುತ್ತದೆ. ಬುಡದ ಒಂದೆರಡು ಹಳೆಯ ಎಲೆ ಹಳದಿಯಾಗಿ ಬಿದ್ದರೆ ಅದು ರೋಗವಲ್ಲ. ಜೋರು ಗಾಳಿ ಬೀಸುವ ಕಡೆ ಬೇಡ, ಇಷ್ಟು ದೊಡ್ಡ ಎಲೆ ಹರಿದುಹೋಗುತ್ತದೆ. ಚಳಿಯನ್ನು ಸಾಕಷ್ಟು ತಡೆಯುತ್ತದೆ. ಹಿಮ ಬಿದ್ದ ಬೆಳಗ್ಗೆ ಎಲೆಗಳು ಜೋತುಬಿದ್ದರೂ, ಬೆಚ್ಚಗಾದ ಮೇಲೆ ಸಾಮಾನ್ಯವಾಗಿ ಮತ್ತೆ ಎದ್ದು ನಿಲ್ಲುತ್ತವೆ.

ಹೂವಿನ ಆಸೆ ಬಿಡಿ ಅಂದೆ, ಆದರೆ ಈ ಗಿಡ ಹೂ ಬಿಡದೇ ಇರುವುದಿಲ್ಲ! ಚಳಿಗಾಲ ಶುರುವಾಗುವ ಹೊತ್ತಿಗೆ, ಉಳಿದ ಗಿಡಗಳು ಖಾಲಿಯಾದಾಗ, ತುದಿಯಲ್ಲಿ ಬಿಳಿ ಚೆಂಡುಗಳ ಗೊಂಚಲು. ಜೇನು, ನೊಣ ಎಲ್ಲ ಮುತ್ತುತ್ತವೆ. ಆಮೇಲೆ ಕಪ್ಪು ಹಣ್ಣು, ಅದು ಹಕ್ಕಿಗಳ ಪಾಲು.

ವರ್ಷ ಕಳೆದಂತೆ ಕೆಳಗೆ ಬೋಳು ಕಾಂಡ, ಮೇಲೆ ಮಾತ್ರ ಎಲೆ ಅನ್ನುವ ಹಾಗಾಗುತ್ತದೆ. ಕತ್ತರಿ ಹಿಡಿಯಲು ಹೆದರಬೇಡಿ. ಚಳಿ ಕಳೆದ ಮೇಲೆ ಉದ್ದ ಕಾಂಡಗಳನ್ನು ಬುಡದ ಹತ್ತಿರ ಕತ್ತರಿಸಿ, ಅಲ್ಲಿಂದಲೇ ಹೊಸ ಚಿಗುರು ಒಡೆಯುತ್ತದೆ. ಒಂದೇ ಸಲ ಎಲ್ಲವನ್ನೂ ಬೋಳಿಸಲು ಮನಸ್ಸಿಲ್ಲದಿದ್ದರೆ ವರ್ಷಕ್ಕೆ ಒಂದೆರಡು ಕಾಂಡ ಸಾಕು. ಬೇಸಿಗೆಯಲ್ಲಿ ತುದಿಕಡ್ಡಿ ನೆಟ್ಟು ಬೇರು ಬರಿಸಬಹುದು. ಅದರ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ನೆಡಿ, ಇಲ್ಲದಿದ್ದರೆ ಬೇರು ಬರುವ ಮೊದಲೇ ಕಡ್ಡಿ ಒಣಗುತ್ತದೆ.

ನಮಸ್ಕಾರ.