ನಡುವಿನ ವರ್ಷಗಳ ಸಂಬಳ ಯಾರು ಕೊಡುತ್ತಾರೆ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಈ ಸಭೆಯಲ್ಲಿ ಕಂಪನಿ ಕಟ್ಟುವ ಆಸೆ ಇರುವ ವಿದ್ಯಾರ್ಥಿಗಳಿದ್ದೀರಿ. ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಂಡು, ಎಲ್ಲಿ ಹಾಕೋಣ ಅಂತ ಯೋಚಿಸುತ್ತಿರುವ ಹಿರಿಯರೂ ಇದ್ದೀರಿ. ಇಬ್ಬರ ಮುಂದೆಯೂ ಒಂದೇ ಪ್ರಶ್ನೆ ಇಡುತ್ತೇನೆ. ಹತ್ತಿಪ್ಪತ್ತು ವರ್ಷ ಹಿಡಿಯುವ ಕೆಲಸಕ್ಕೆ ಕೈ ಹಾಕಿದವರು ನಡುವಿನ ವರ್ಷಗಳಲ್ಲಿ ಊಟಕ್ಕೆ ಏನು ಮಾಡಿದರು? ಗೆದ್ದವರ ಕಥೆ ಹೇಳುವಾಗ ಛಲ, ಹಠ, ಕನಸು ಅಂತ ಹೇಳಿ ಮುಗಿಸುತ್ತೇವೆ. ತಿಂಗಳ ಕೊನೆಗೆ ಸಂಬಳದ ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಕಡೆಯ ಅಡಿಕೆ ಕೃಷಿಕರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಸಸಿ ನೆಟ್ಟ ಮೇಲೆ ಫಸಲಿಗೆ ಐದಾರು ವರ್ಷ ಕಾಯಬೇಕು. ಅಲ್ಲಿಯವರೆಗೆ ನಡುವೆ ಬಾಳೆ ಹಾಕುತ್ತಾರೆ. ಗೊಬ್ಬರದ ಖರ್ಚು ಅದರಲ್ಲೇ ಹುಟ್ಟುತ್ತದೆ, ಎಳೆ ಸಸಿಗೆ ನೆರಳೂ ಸಿಗುತ್ತದೆ.

ಉಡುಪಿಯ ರೋಬೋಸಾಫ್ಟ್ ನೋಡಿ. ರೋಹಿತ್ ಭಟ್ ಅದನ್ನು ಶುರು ಮಾಡಿದ್ದು 1996ರಲ್ಲಿ, ಆ್ಯಪಲ್‌ನವರ ಮ್ಯಾಕ್ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯಲು. ಆಗ ಆ್ಯಪಲ್ ಕಂಪನಿಯೇ ಮುಳುಗುವ ಹಾಗಿತ್ತು. ನಮ್ಮೂರಲ್ಲಿ ಮ್ಯಾಕ್ ಕಣ್ಣಿಂದ ನೋಡಿದವರೇ ಕಡಿಮೆ. ಹೊರದೇಶದ ಗಿರಾಕಿಗಳ ಕೆಲಸ ಮಾಡಿಕೊಟ್ಟು ಕಂಪನಿ ನಡೆಯಿತು. 2008ರಲ್ಲಿ ಐಫೋನಿಗೆ ಆ್ಯಪ್ ಸ್ಟೋರ್ ಬಂತು. ಐಫೋನಿನ ಆ್ಯಪ್ ಬರೆಯುವ ವಿಧಾನ ಮ್ಯಾಕ್‌ನಿಂದಲೇ ಬಂದದ್ದು. ಅದರಲ್ಲಿ ಕೈ ಪಳಗಿದ ತಂಡ ಉಡುಪಿಯಲ್ಲಿ ತಯಾರಾಗಿತ್ತು! 2021ರಲ್ಲಿ ಜಪಾನಿನ ಟೆಕ್ನೋಪ್ರೋ ಈ ಕಂಪನಿಯನ್ನು ಸುಮಾರು 800 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಹೊಟ್ಟೆಪಾಡಿನ ಕೆಲಸವೇ ಮುಂದಿನ ಕೆಲಸದ ಪಾಠವೂ ಆಗಿತ್ತು, ಅಲ್ವಾ? ನನಗೆ ಮುಖ್ಯ ಅನ್ನಿಸುವುದು ಅದು.

ಇದಕ್ಕಿಂತ ಎಷ್ಟೋ ಉದ್ದದ ಕಥೆ ಇನ್ನೊಂದಿದೆ. ನಿಮ್ಮ ಜೇಬಿನಲ್ಲಿರುವ ಹೊಸ ಫೋನಿನ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಮೇಲೆ ಅತಿ ಸಣ್ಣ ಗೆರೆ ಮೂಡಿಸಲು ಬೇಕಾದ ಬೆಳಕಿನ ತರಂಗದ ಉದ್ದ ಬರೀ 13.5 ನ್ಯಾನೋಮೀಟರ್. ಇದನ್ನು ಗಾಳಿಯೂ ಹೀರಿಕೊಳ್ಳುತ್ತದೆ, ಗಾಜೂ ಹೀರಿಕೊಳ್ಳುತ್ತದೆ. ಹಾಗಾಗಿ ಗೆರೆ ಮೂಡಿಸುವ ಇಡೀ ಯಂತ್ರದ ಒಳಗೆ ಗಾಳಿಯೇ ಇರಬಾರದು. ಮಸೂರ ನಡೆಯುವುದಿಲ್ಲ, ಕನ್ನಡಿಗಳೇ ಆಗಬೇಕು. ಬೆಳಕು ಹುಟ್ಟಿಸುವ ರೀತಿ ಕೇಳಿ. ಕರಗಿದ ತವರದ ಸಣ್ಣ ಹನಿಗಳು ಸೆಕೆಂಡಿಗೆ 50,000ದಂತೆ ಹಾರಿ ಬರುತ್ತವೆ. ಒಂದೊಂದು ಹನಿಗೂ ಲೇಸರ್ ಎರಡು ಸಲ ಹೊಡೆಯುತ್ತದೆ. ಮೊದಲ ಏಟಿಗೆ ಹನಿ ಚಪ್ಪಟೆಯಾಗುತ್ತದೆ, ಎರಡನೆಯದಕ್ಕೆ ಉರಿದು ಬೆಳಕು ಕೊಡುತ್ತದೆ. ಜಪಾನಿನ ಹಿರೂ ಕಿನೋಶಿಟಾ ಈ ಬಗೆಯ ಬೆಳಕಿನಿಂದ ಚಿತ್ರ ಮೂಡಿಸಬಹುದು ಅಂತ ತೋರಿಸಿದ್ದು 1986ರಲ್ಲಿ. ಅದರಿಂದ ಮಾಡಿದ ಚಿಪ್‌ಗಳು ಫ್ಯಾಕ್ಟರಿಯಿಂದ ರಾಶಿಯಾಗಿ ಹೊರಬರುವಾಗ 2019 ಆಗಿತ್ತು. ಸುಮ್ನೆ ಲೆಕ್ಕ ಹಾಕಿ, 33 ವರ್ಷ.

ಯಂತ್ರ ಮಾಡಿದ್ದು ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್. ಅಷ್ಟು ವರ್ಷ ಅವರು ಹಳೆ ನಮೂನೆಯ ಯಂತ್ರಗಳನ್ನು ಮಾರಿ ಬದುಕಿದರು. ಅದೂ ಸಾಲದೆ ಹೋದಾಗ, 2012ರಲ್ಲಿ ಗಿರಾಕಿಗಳೇ ಪಾಲುದಾರರಾದರು. ಚಿಪ್ ಮಾಡುವ ಕಂಪನಿಗಳಾದ ಇಂಟೆಲ್, ಸ್ಯಾಮ್‌ಸಂಗ್, ಟಿಎಸ್‌ಎಂಸಿ ಮೂರೂ ಸೇರಿ 23 ಶೇಕಡಾ ಷೇರು ತೆಗೆದುಕೊಂಡವು, ಸಂಶೋಧನೆಗೂ ಬೇರೆ ದುಡ್ಡು ಕೊಟ್ಟವು. ಈ ಯಂತ್ರ ಬಾರದಿದ್ದರೆ ತಮ್ಮ ದಾರಿಯೂ ಕಟ್ಟಿಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಇಂಥ ಹೂಡಿಕೆದಾರರು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ.

ಬೇರೆಯವರ ದುಡ್ಡು ಒಟ್ಟು ಮಾಡಿ ಹೊಸ ಕಂಪನಿಗಳಿಗೆ ಹಾಕುವ ಸಾಮಾನ್ಯ ವೆಂಚರ್ ಫಂಡ್ ಹೀಗಲ್ಲ. ಅದರ ಆಯುಸ್ಸು ಹೆಚ್ಚಾಗಿ ಹತ್ತು ವರ್ಷ. ಅವರಿಗೂ ಬೇರೆಯವರ ದುಡ್ಡು ಹಿಂದೆ ಕೊಡಬೇಕು. ಏಳೆಂಟು ವರ್ಷ ಕಳೆಯುವಾಗ 'ಮಾರೋಣ' ಅನ್ನುವ ಮಾತು ಶುರುವಾಗುತ್ತದೆ. ಅದು ಅವರ ತಪ್ಪೂ ಅಲ್ಲ. ಹದಿನೈದು ವರ್ಷದ ಕೆಲಸಕ್ಕೆ ಹತ್ತು ವರ್ಷದ ದುಡ್ಡು ತಂದರೆ ಜಗಳ ಗ್ಯಾರಂಟಿ. ಕಾದು ನಿಂತವರೂ ಇದ್ದಾರೆ. ಫೋನ್ ಜಾಲದ ಉಪಕರಣ ಮಾಡುವ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಶುರುವಾದದ್ದು 2000ದಲ್ಲಿ. ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಅದಕ್ಕೆ ಹಣ ಹಾಕಿದರು, ಅಧ್ಯಕ್ಷರಾಗಿ ಜೊತೆಗೆ ನಿಂತರು. ಷೇರು ಮಾರುಕಟ್ಟೆಗೆ ಬರುವಾಗ 2017. ಇವತ್ತು ಬಿಎಸ್‌ಎನ್‌ಎಲ್‌ನ 4ಜಿ ಟವರುಗಳಲ್ಲಿ ಅವರ ಉಪಕರಣ ಇದೆ.

ಒಂದು ಅಪಾಯವನ್ನೂ ಹೇಳಬೇಕು. ಗಿರಾಕಿ ಕೆಲಸದ ರುಚಿ ಹತ್ತಿದರೆ ಸ್ವಂತ ಕೆಲಸ ಮೂಲೆಗೆ ಹೋಗುತ್ತದೆ. ತುಂಬಾ ಕಂಪನಿಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಮೀನುಗಾರಿಕೆ ದೋಣಿಗೆ ಸೆನ್ಸರ್ ಮಾಡಬೇಕೆಂದಿರುವವರು ಮದುವೆ ಹಾಲಿನ ವೆಬ್‌ಸೈಟ್ ಮಾಡುತ್ತಾ ಕೂತರೆ ದುಡ್ಡೇನೋ ಬರುತ್ತದೆ, ಕೈ ಪಳಗುವುದಿಲ್ಲ. ಅದರ ಬದಲು ಮಲ್ಪೆ ಬಂದರಿನ ಐಸ್ ಪ್ಲಾಂಟಿಗೆ ಉಷ್ಣತೆ ಅಳೆಯುವ ಸಾಧನ ಮಾಡಿಕೊಡಿ. ಉಪ್ಪು ಗಾಳಿಗೆ ಯಾವ ವೈರು ಎಷ್ಟು ದಿನ ಬಾಳುತ್ತದೆ ಅಂತ ಅಲ್ಲೇ ಕಲಿಯುತ್ತೀರಿ.

ಹಿರಿಯರಲ್ಲಿ ಒಂದು ಕೇಳಿಕೆ. ಊರಿನವರ ದುಡ್ಡು ಒಟ್ಟು ಮಾಡುವುದು ಈ ಕರಾವಳಿಗೆ ಹೊಸದಲ್ಲ. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ಇಲ್ಲೇ ಹುಟ್ಟಿದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಎತ್ತಿದರು. ಈಗ ನಮ್ಮ ದುಡ್ಡು ಜಾಸ್ತಿ ಹೋಗುವುದು ಸೈಟು, ಫ್ಲ್ಯಾಟು, ಎಫ್‌ಡಿಗೆ. ಆ ದುಡ್ಡಿನಲ್ಲಿ, ಹೋದರೂ ಪರವಾಗಿಲ್ಲ ಅನ್ನುವಷ್ಟನ್ನು ಮಾತ್ರ ನಾಲ್ಕೈದು ಮಂದಿ ಸೇರಿ ಇಂಥ ಉದ್ದದ ಕೆಲಸಕ್ಕೆ ಹಾಕಿ. ಒಮ್ಮೆಗೇ ಕೊಡಬೇಡಿ, ಕಂತಿನಲ್ಲಿ ಕೊಡಿ. ಹನ್ನೆರಡು ವರ್ಷದವರೆಗೆ ದುಡ್ಡು ವಾಪಸ್ ಕೇಳುವುದಿಲ್ಲ ಅಂತ ಕರಾರಿನಲ್ಲಿ ಬರೆಯಿರಿ. ಪ್ರತಿ ವರ್ಷ ಯಾವ ಸಂಖ್ಯೆ ನೋಡುತ್ತೇವೆ ಅನ್ನುವುದನ್ನೂ ಬರೆಯಿರಿ. ಎಎಸ್‌ಎಂಎಲ್‌ನವರಿಗೆ ಆ ಸಂಖ್ಯೆ ಬೆಳಕಿನ ವ್ಯಾಟ್. ಬೇಕಿದ್ದದ್ದು 250, ಮೊದಲ ಯಂತ್ರಗಳಲ್ಲಿ ಸಿಕ್ಕಿದ್ದು ಹತ್ತರ ಆಸುಪಾಸು. ನಿಮ್ಮ ಹುಡುಗರ ಸಂಖ್ಯೆ ಯಾವುದು ಅಂತ ಮೊದಲ ದಿನವೇ ಕೂತು ಮಾತಾಡಿ.