ಮೇಣದ ಬಿಲ್ಲೆಯಲ್ಲಿ ಉಳಿದ ಪ್ರೋಟೀನು

ನಮಸ್ಕಾರ ಕೇಳುಗರೇ. ಮೈಯಿಂದ ತೆಗೆದ ಚೂರನ್ನು ಬಯಾಪ್ಸಿಗೆ ಕಳಿಸುತ್ತಾರೆ, ವರದಿ ಬರುತ್ತದೆ. ಆಮೇಲೆ ಆ ಚೂರು ಏನಾಯಿತು ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಅದು ಎಲ್ಲೂ ಹೋಗಿರುವುದಿಲ್ಲ. ಫಾರ್ಮಾಲಿನ್ ಅನ್ನುವ, ಕೊಳೆಯದಂತೆ ಕಾಪಾಡುವ ದ್ರಾವಣದಲ್ಲಿ ನೆನೆದು, ಮೇಣದಲ್ಲಿ ಹುದುಗಿ, ಪುಟ್ಟ ಬಿಲ್ಲೆಯಾಗಿ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ.

1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲುಮ್ ಫಾರ್ಮಾಲಿನ್ ಕ್ರಿಮಿಗಳನ್ನು ಕೊಲ್ಲುತ್ತದೆಯೇ ಅಂತ ನೋಡುತ್ತಿದ್ದಾಗ ಅವರ ಬೆರಳ ಚರ್ಮವೇ ಗಟ್ಟಿಯಾಯಿತು. ಅಲ್ಲಿಂದ ಶುರುವಾಯಿತು ಈ ಪದ್ಧತಿ. ಫಾರ್ಮಾಲಿನ್ ಪ್ರೋಟೀನುಗಳ ನಡುವೆ ಕೊಂಡಿ ಹಾಕುತ್ತದೆ, ಕೊಳೆಯುವುದು ನಿಲ್ಲುತ್ತದೆ. ಆದರೆ ಹೀಗೆ ಬಿಗಿದು ಕೂತ ಪ್ರೋಟೀನು ಯಾವುದು ಅಂತ ತಿಳಿಯಲು ಅದನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಅಣುಗಳನ್ನು ತೂಗುವ ಯಂತ್ರಕ್ಕೆ, ಕೊಡುವುದು ಹೇಗೆ? ತುಂಬಾ ಕಾಲ ಇದು ಆಗದ ಕೆಲಸ ಅಂತಲೇ ಜನ ಅಂದುಕೊಂಡಿದ್ದರು.

ದಾರಿ ತೋರಿಸಿದ್ದು ಬಿಸಿ. ಬಿಲ್ಲೆಯಿಂದ ಕೂದಲಿಗಿಂತ ತೆಳುವಾದ, ಹತ್ತು ಮೈಕ್ರಾನಿನಷ್ಟು ದಪ್ಪದ ಪದರ ಕತ್ತರಿಸಿ, ಜೈಲೀನಿನಲ್ಲಿ ಮೇಣ ಕರಗಿಸಿ, ಆಲ್ಕೋಹಾಲಿನಲ್ಲಿ ತೊಳೆದು, ಡಿಟರ್ಜೆಂಟ್ ಇರುವ ದ್ರಾವಣದಲ್ಲಿ 95 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕುದಿಸಿದರೆ ಬಹಳಷ್ಟು ಕೊಂಡಿಗಳು ಬಿಚ್ಚಿಕೊಳ್ಳುತ್ತವೆ. ಎಲ್ಲವೂ ಅಲ್ಲ. ಮುಂದೆ ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕುತ್ತೇವೆ. ಅದು ಪ್ರೋಟೀನಿನ ಸರಪಳಿಯಲ್ಲಿ ಲೈಸೀನ್ ಮತ್ತು ಆರ್ಜಿನೀನ್ ಅನ್ನುವ ಅಮೈನೋ ಆಮ್ಲಗಳು ಇರುವ ಕಡೆ ಮಾತ್ರ ಕತ್ತರಿಸುತ್ತದೆ. ಫಾರ್ಮಾಲಿನ್‌ಗೆ ಲೈಸೀನ್ ಅಂದರೆ ಜಾಸ್ತಿ ಇಷ್ಟ, ಕೊಂಡಿ ಅಲ್ಲೇ ಬಿದ್ದಿರುತ್ತದೆ, ಹಾಗಾಗಿ ಕೆಲವು ಕಡೆ ಕತ್ತರಿ ಆಡುವುದೇ ಇಲ್ಲ. ಯಂತ್ರ ಈ ತುಂಡುಗಳನ್ನು ತೂಗುತ್ತದೆ, ಮತ್ತೆ ಒಡೆದು ತೂಗುತ್ತದೆ. ಕೊಂಡಿಯ ಗುರುತು ಉಳಿದ ತುಂಡಿನ ತೂಕ 12 ಅಥವಾ 30 ಡಾಲ್ಟನ್ (ಅಣುಗಳ ತೂಕದ ಅಳತೆ) ಹೆಚ್ಚಿರುತ್ತದೆ. ತುಂಡು ಯಾವ ಪ್ರೋಟೀನಿನದು ಅಂತ ಹುಡುಕುವಾಗ ಇದನ್ನೂ ಲೆಕ್ಕಕ್ಕೆ ಸೇರಿಸಿ. ಇಲ್ಲದಿದ್ದರೆ ಕಣ್ಣೆದುರೇ ಇರುವ ಪ್ರೋಟೀನು ಕೈತಪ್ಪಿ ಹೋಗುತ್ತದೆ.

ಇದೆಲ್ಲ ಸುಮ್ನೆ ಕುತೂಹಲಕ್ಕಲ್ಲ. ಅಮಿಲಾಯ್ಡೋಸಿಸ್ ಅಂತ ಒಂದು ರೋಗವಿದೆ. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನು ಹೃದಯದಲ್ಲೋ ಮೂತ್ರಪಿಂಡದಲ್ಲೋ ಶೇಖರವಾಗಿ ಕೂರುತ್ತದೆ, ಆ ಶೇಖರಕ್ಕೇ ಅಮಿಲಾಯ್ಡ್ ಅನ್ನುತ್ತಾರೆ. ಕಾಂಗೋ ರೆಡ್ ಬಣ್ಣ ಹಾಕಿ ಪೋಲರೈಸ್ಡ್ ಬೆಳಕಿನಲ್ಲಿ ನೋಡಿದರೆ ಹಸಿರು ಸೇಬಿನ ಬಣ್ಣ ಮಿನುಗುತ್ತದೆ. ಅಮಿಲಾಯ್ಡ್ ಇದೆ ಅಂತ ಗೊತ್ತಾಯಿತು, ಆದರೆ ಯಾವ ಪ್ರೋಟೀನು? ಬಣ್ಣ ಅದನ್ನು ಹೇಳುವುದಿಲ್ಲ. ಆಗ ಆ ಜಾಗವನ್ನಷ್ಟೇ ಲೇಸರ್‌ನಿಂದ ಕತ್ತರಿಸಿ ತೆಗೆದು ಯಂತ್ರಕ್ಕೆ ಕೊಡುತ್ತಾರೆ. ಲೈಟ್ ಚೈನ್, ಅಂದರೆ ಪ್ರತಿಕಾಯದ ಒಂದು ತುಂಡು, ಸಿಕ್ಕಿದರೆ ಅದನ್ನು ತಯಾರಿಸುವ ಮಜ್ಜೆಯ ಕೋಶಗಳ ಮೇಲೆ ಕೀಮೋ ಕೊಡಬೇಕು. ಟ್ರಾನ್ಸ್‌ಥೈರೆಟಿನ್ ಅನ್ನುವ ಇನ್ನೊಂದು ಪ್ರೋಟೀನು ಸಿಕ್ಕಿದರೆ ಆ ಕೀಮೋದಿಂದ ಏನೂ ಉಪಯೋಗವಿಲ್ಲ, ಅದಕ್ಕೆ ಬೇರೆಯೇ ಔಷಧಿ ಇದೆ.